ನೆತ್ತರುಗೊಡಗೆಯಿಂದ ಕುಟುಂಬ ಪಿಂಚಣಿಯವರೆಗೆ

(ಬಾನುಲಿ ಭಾಷಣ)

ದುಡಿಯುವವನು ಸತ್ತರೆ, ಕಾಯಿಲೆ ಬಿದ್ದರೆ, ಕೈಕಾಲು ಕಳೆದುಕೊಂಡರೆ ಅವನ ಮನೆಯವರ ಗತಿಯೇನು ಎಂಬ ಪ್ರಶ್ನೆ ಕಾರ್ಖಾನೆಗಳೊಡನೆ ಹುಟ್ಟಿದ್ದಲ್ಲ. ನಮ್ಮ ಹಾಸನ ಸೀಮೆಯಲ್ಲಿ ಊರ ಮುಂದೆ, ಕೆರೆಯ ಏರಿಯ ಮೇಲೆ, ಹಾಳು ಗುಡಿಯ ಮಗ್ಗುಲಲ್ಲಿ ನಿಂತಿರುವ ವೀರಗಲ್ಲುಗಳನ್ನು ಕಂಡವರಿಗೆ ಇದು ತಿಳಿದ ಸಂಗತಿ. ತುರುಗಳನ್ನು ಮರಳಿಸಲು ಹೋಗಿ ಸತ್ತವನು, ಊರಿಗಾಗಿ ಕಾದಿ ಮಡಿದವನು ಕೆಳಗಿನ ಪಟ್ಟಿಕೆಯಲ್ಲಿ ಹೋರಾಡುತ್ತಿರುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಅವನು ಬಿಟ್ಟುಹೋದ ಮನೆ ಸಾಮಾನ್ಯವಾಗಿ ಆ ಶಿಲ್ಪದಲ್ಲಿ ಕಾಣುವುದಿಲ್ಲ. ಮನೆಯನ್ನು ಹುಡುಕಬೇಕಾದರೆ ನಾವು ಶಿಲ್ಪವನ್ನು ಬಿಟ್ಟು ಅಕ್ಷರಗಳಿಗೆ ಬರಬೇಕು.

ಅಕ್ಷರಗಳಲ್ಲಿ ಎರಡು ಮಾತುಗಳು ಸಿಗುತ್ತವೆ. ಒಂದು ಬಾಳ್ಗಳ್ಚು, ಇನ್ನೊಂದು ನೆತ್ತರುಗೊಡಗೆ. ಕಾಳಗದಲ್ಲಿ ಪರಾಕ್ರಮ ತೋರಿದವನ ಕತ್ತಿಯನ್ನು ತೊಳೆದು ಕೊಡುವ ದತ್ತಿ ಬಾಳ್ಗಳ್ಚು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ, ಕ್ರಿಸ್ತಶಕ ಸುಮಾರು ೪೫೦ರದು, ಬಹುಕಾಲ ಕನ್ನಡದ ಅತ್ಯಂತ ಹಳೆಯ ಶಾಸನವೆಂದು ನಾವೆಲ್ಲ ಓದಿಕೊಂಡು ಬಂದದ್ದು, ಅಂಥದೇ ಒಂದು ಬಾಳ್ಗಳ್ಚಿನ ದಾಖಲೆ: ವಿಜ ಅರಸನಿಗೆ ಪಲ್ಮಿಡಿಯನ್ನೂ ಮೂಳಿವಳ್ಳಿಯನ್ನೂ ಕೊಟ್ಟ ಪತ್ರ. ಇದು ಬದುಕಿರುವವನಿಗೆ ಸಂದ ಗೌರವ. ನೆತ್ತರುಗೊಡಗೆಯಾದರೋ ಸತ್ತವನ ನೆತ್ತರಿಗಾಗಿ ಅವನ ಮನೆಯವರಿಗೆ ಬಿಟ್ಟ ಭೂಮಿ. ೧೯೦೨ರಲ್ಲಿ ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ಹೊರತಂದರು. ಅಂಥ ಸಂಪುಟಗಳನ್ನು ಯುದ್ಧಗಳ ವೃತ್ತಾಂತಕ್ಕಾಗಿ ಓದುವವರು ಬಹಳ ಮಂದಿ. ಹಿಂದೆ ಉಳಿದವರ ವೃತ್ತಾಂತಕ್ಕಾಗಿಯೂ ಅವನ್ನು ಓದಬಹುದು ಎಂಬುದು ನನ್ನ ಅನುಭವ.

ಕೊಡಗೆ ಕೊಡುವವನ ಮುಂದೆ ಆಗಲೂ ಎರಡು ಪ್ರಶ್ನೆಗಳಿದ್ದಿರಬೇಕು: ಎಷ್ಟು ಕೊಡಬೇಕು, ಯಾರ ಕೈಗೆ ಕೊಡಬೇಕು. ಮೊದಲನೆಯದನ್ನು ಕುರಿತು ಲೋಕದಲ್ಲಿ ಬೇಕಾದಷ್ಟು ವಾದವಾಗಿದೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಎರಡನೆಯದನ್ನು ಕುರಿತು. ಕಾರ್ಮಿಕನ ಸಂಸಾರಕ್ಕೆ ಸಲ್ಲುವ ಸೌಲಭ್ಯಗಳನ್ನು ಬದಲಿಸಬೇಕೆಂದು ಕಳೆದ ನೂರು ವರ್ಷಗಳಲ್ಲಿ ಎಷ್ಟೋ ಸಲಹೆಗಳು ಬಂದಿವೆ. ಅವುಗಳಲ್ಲಿ ಹಲವು ಕಾಯ್ದೆಗಳೂ ಆಗಿವೆ. ಅವನ್ನೆಲ್ಲ ಒಂದು ಸಾಲಿನಲ್ಲಿಟ್ಟು ನೋಡಿದರೆ, ಹಣದ ಮಾತಿನ ಹಿಂದೆ ಒಂದೇ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುವುದು ಕಾಣುತ್ತದೆ: ದುಡಿಯುವವರ ಮನೆಯವರು ಎಂದರೆ ಯಾರು?

ನಮ್ಮ ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಬಹಳ ಹಿಂದೆಯೇ ಹೆಜ್ಜೆಯಿಟ್ಟಿತು. ೧೮೯೧ರಲ್ಲಿ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ಸರ್ಕಾರ ತನ್ನ ನೌಕರರಿಗಾಗಿ ಜೀವವಿಮಾ ಯೋಜನೆಯನ್ನು ಆರಂಭಿಸಿತು. ಸಂಬಳವೇ ಆಧಾರವಾದ ನೌಕರ ನಡುಹರಯದಲ್ಲಿ ತೀರಿಕೊಂಡರೆ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದೆಂಬುದು ಅಂಥ ವಿಮೆಯ ತಿರುಳು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರ ಮುಂದುವರಿಕೆ. ಆದರೆ ಅದರ ನೆರಳು ಬಿದ್ದದ್ದು ಕಚೇರಿಯ ನೌಕರರ ಮೇಲೆ. ಗದ್ದೆಯಲ್ಲಿ, ತೋಟದಲ್ಲಿ, ಗಣಿಯಲ್ಲಿ ದುಡಿಯುವವರು ಇನ್ನೂ ಹೊರಗಿದ್ದರು.

ಅದೇ ಕಾಲದಲ್ಲಿ ಯುರೋಪಿನಲ್ಲಿಯೂ ಈ ವಿಚಾರ ಕುದಿಯುತ್ತಿತ್ತು. ಜರ್ಮನಿಯ ಬಿಸ್ಮಾರ್ಕ್ ೧೮೮೩ರಲ್ಲಿ ಕಾರ್ಮಿಕರಿಗೆ ಕಾಯಿಲೆಯ ವಿಮೆಯನ್ನೂ ೧೮೮೯ರಲ್ಲಿ ವೃದ್ಧಾಪ್ಯದ ವಿಮೆಯನ್ನೂ ತಂದ. ಕಾರ್ಮಿಕನ ವಿಧವೆಯ ಹೆಸರು ಆ ದೇಶದ ಪಿಂಚಣಿ ವಿಮೆಯ ಕಾನೂನಿನಲ್ಲಿ ಬರಲು ೧೯೧೧ರವರೆಗೆ ಕಾಯಬೇಕಾಯಿತು; ಆಗಲೂ ದುಡಿಯಲು ಶಕ್ತಿಯಿಲ್ಲದ ವಿಧವೆಗೆ ಮಾತ್ರ. ಅಮೆರಿಕದಲ್ಲಿ ೧೯೩೫ರ ಕಾಯ್ದೆ ದುಡಿದವನಿಗೆ ಪಿಂಚಣಿ ಕೊಟ್ಟಿತು. ಅವನ ಹೆಂಡತಿ ಮಕ್ಕಳು ಒಳಗೆ ಬಂದದ್ದು ೧೯೩೯ರ ತಿದ್ದುಪಡಿಯಲ್ಲಿ. ಮೊದಲು ದುಡಿಮೆಗಾರ, ಆಮೇಲೆ ಮನೆ. ಈ ಕ್ರಮ ಎರಡೂ ಕಡೆ ಒಂದೇ.

ಭಾರತದಲ್ಲಿ ೧೯೨೩ರ ಕಾರ್ಮಿಕರ ಪರಿಹಾರ ಕಾಯ್ದೆ ಈ ದಾರಿಯ ಮೊದಲ ಮೈಲಿಗಲ್ಲು. ಕೆಲಸದಲ್ಲಿ ಅಪಘಾತವಾಗಿ ಸತ್ತವನ ‘ಅವಲಂಬಿತ’ರಿಗೆ ಮಾಲೀಕನು ಪರಿಹಾರ ಕೊಡಬೇಕೆಂದು ಅದು ವಿಧಿಸಿತು. ಅವಲಂಬಿತ ಎಂಬ ಮಾತು ನಮ್ಮ ಆಡುನುಡಿಯಲ್ಲಿ ಇಲ್ಲ. ನಾವು ಹೇಳುವುದು ‘ಅವನನ್ನೇ ನಂಬಿಕೊಂಡವರು’ ಎಂದು. ನಂಬಿಕೊಂಡವರು ಎಷ್ಟು ಮಂದಿಯಾದರೂ ಇರಬಹುದು. ಕಾಯ್ದೆಗೆ ಅದು ಸಾಲದು. ಅದಕ್ಕೆ ಪಟ್ಟಿ ಬೇಕು. ಪಟ್ಟಿ ಬಂದ ಮೇಲೆ ಪಟ್ಟಿಯ ಹೊರಗೆ ಉಳಿದವರೂ ಬಂದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ರೊಫೆಸರ್ ಬಿ.ಪಿ. ಅಡಾರ್ಕರ್ ಅವರು ಕಾರ್ಮಿಕರ ಆರೋಗ್ಯವಿಮೆಯನ್ನು ಕುರಿತು ೧೯೪೪ರಲ್ಲಿ ವರದಿ ಒಪ್ಪಿಸಿದರು. ಅದರ ಬುನಾದಿಯ ಮೇಲೆ ೧೯೪೮ರಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆ ಎದ್ದಿತು. ೧೯೫೨ರ ಫೆಬ್ರವರಿ ೨೪ರಂದು ಕಾನ್ಪುರದಲ್ಲಿ ಜವಾಹರಲಾಲ್ ನೆಹರು ಅವರು ಯೋಜನೆಯನ್ನು ಉದ್ಘಾಟಿಸಿದರು. ಬೆಂಗಳೂರಿಗೆ ಅದು ೧೯೫೮ರಲ್ಲಿ ಬಂತು. ಮೊದಮೊದಲು ಔಷಧೋಪಚಾರ ಕಾರ್ಮಿಕನಿಗೆ ಮಾತ್ರ. ಮನೆಯವರಿಗೆ ಆಸ್ಪತ್ರೆಯ ಬಾಗಿಲು ಆಮೇಲೆ ಹಂತಹಂತವಾಗಿ ತೆರೆಯಿತು. ತಂದೆಗೆ ಮದ್ದು ಕೊಟ್ಟು ಅದೇ ಮನೆಯ ಮಗುವಿಗೆ ಕೊಡದಿದ್ದರೆ ಆ ಮದ್ದಿನ ಗುಣ ಎಷ್ಟು ದಿನ ಉಳಿದೀತು?

ಆ ಕಾಯ್ದೆ ಹಂಚಿಕೆಯನ್ನು ಭಿನ್ನರಾಶಿಗಳಲ್ಲಿ ಬರೆದಿತ್ತು. ಕೆಲಸದ ಅಪಘಾತದಲ್ಲಿ ಸತ್ತವನ ವಿಧವೆಗೆ ಪೂರ್ಣ ದರದ ಐದರಲ್ಲಿ ಮೂರು ಪಾಲು; ಒಂದೊಂದು ಮಗುವಿಗೆ ಐದರಲ್ಲಿ ಎರಡು ಪಾಲು; ಒಟ್ಟು ಮೀರಿದರೆ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸುವುದು. ಹೆಂಡತಿ ಮಕ್ಕಳು ಇಲ್ಲದಿದ್ದರೆ ಮಾತ್ರ ತಂದೆತಾಯಿಗಳಿಗೆ ಹತ್ತರಲ್ಲಿ ಮೂರು. ವಿಧವೆ ಮರುಮದುವೆಯಾದರೆ ಅವಳ ಪಾಲು ನಿಲ್ಲುತ್ತಿತ್ತು. ಒಂದು ಸಮಾಜ ತನ್ನ ಮನೆಗಳನ್ನು ಹೇಗೆ ಕಲ್ಪಿಸಿಕೊಂಡಿತ್ತು ಎಂಬುದನ್ನು ಈ ಲೆಕ್ಕದಷ್ಟು ಸ್ಪಷ್ಟವಾಗಿ ಹೇಳುವ ಬೇರೆ ಬರಹವನ್ನು ನಾನು ಕಾಣೆ.

ಭವಿಷ್ಯನಿಧಿಯ ಕಥೆಯೂ ಇಂಥದೇ. ೧೯೫೨ರ ಕಾಯ್ದೆಯಂತೆ ಸತ್ತ ಕಾರ್ಮಿಕನ ಮನೆಗೆ ಅವನ ಖಾತೆಯಲ್ಲಿ ಕೂಡಿದ್ದ ಗಂಟು ಸಿಗುತ್ತಿತ್ತು. ಹತ್ತು ವರ್ಷ ದುಡಿದವನ ಗಂಟು ಎಷ್ಟಿದ್ದೀತು? ತಿಥಿಗೆ, ಸಾಲಕ್ಕೆ ಅರ್ಧ ಕರಗುತ್ತಿತ್ತು. ಗಂಟಿನ ಜೊತೆಗೆ ತಿಂಗಳು ತಿಂಗಳೂ ಕೈಗೆ ಬರುವ ಹಣ ಬೇಕೆಂಬ ವಿಚಾರ ಬಲಿತು, ೧೯೭೧ರ ಮಾರ್ಚ್ ೧ರಿಂದ ಕುಟುಂಬ ಪಿಂಚಣಿ ಯೋಜನೆ ಜಾರಿಗೆ ಬಂತು. ೧೯೯೫ರ ನವೆಂಬರ್‌ನಲ್ಲಿ ಹೊಸ ಪಿಂಚಣಿ ಯೋಜನೆ ಅದರ ಸ್ಥಾನಕ್ಕೆ ಬಂದು, ವಿಧವೆಯ ಪಿಂಚಣಿಯ ಜೊತೆಗೆ ಒಮ್ಮೆಗೆ ಇಬ್ಬರು ಮಕ್ಕಳಿಗೆ, ಇಪ್ಪತ್ತೈದು ವರ್ಷದವರೆಗೆ, ಅದರ ಕಾಲು ಭಾಗದಷ್ಟನ್ನು ಸೇರಿಸಿತು. ತಂದೆತಾಯಿ ಇಬ್ಬರೂ ಇಲ್ಲದ ಮಗುವಿಗೆ ಮುಕ್ಕಾಲು ಭಾಗ. ೨೦೧೪ರ ಸೆಪ್ಟೆಂಬರ್‌ನಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ ೧,೦೦೦ ರೂಪಾಯಿ ಎಂದು ಗೊತ್ತಾಯಿತು. ಅದನ್ನು ೭,೫೦೦ಕ್ಕೆ ಏರಿಸಬೇಕೆಂಬ ಕೂಗು ಆಮೇಲಿನ ವರ್ಷಗಳಲ್ಲಿ ದೇಶದ ಉದ್ದಗಲಕ್ಕೂ ಕೇಳಿಬಂತು. ಅದು ನ್ಯಾಯವಾದ ಕೂಗು. ಆದರೆ ಮೊತ್ತ ಏರಿದರೂ ಪಟ್ಟಿ ಹಾಗೆಯೇ ಉಳಿದರೆ ಹೊರಗಿನವರು ಹೊರಗೇ ಇರುತ್ತಾರೆ.

ಇದನ್ನು ಪುಸ್ತಕದಿಂದಲೇ ಹೇಳುತ್ತಿಲ್ಲ. ಹೊಳೆನರಸೀಪುರದಲ್ಲಿ ಉಪಾಧ್ಯಾಯನಾಗಿದ್ದ ದಿನಗಳಲ್ಲಿ ನೆರೆಹೊರೆಯವರ ಅರ್ಜಿಗಳನ್ನು ತುಂಬಿಕೊಡುವುದು ನನಗೊಂದು ಅಭ್ಯಾಸವಾಗಿತ್ತು. ಬೆಳಗಿನ ಬಸ್ಸು ಹಿಡಿದು ಹಾಸನದ ಉಡುಪಿನ ಕಾರ್ಖಾನೆಗೆ ಹೋಗಿಬರುತ್ತಿದ್ದ ಹುಡುಗಿಯೊಬ್ಬಳು ಜ್ವರದಲ್ಲಿ ತೀರಿಕೊಂಡಳು. ಗಂಡ ಬಿಟ್ಟುಹೋಗಿ ಮೂರು ವರ್ಷವಾಗಿತ್ತು. ಅವಳ ತಾಯಿ ಮೊಮ್ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಪಿಂಚಣಿಯ ಹತ್ತು-ಡಿ ನಮೂನೆಯನ್ನು ತಂದರು. ನಾನು ಒಂದೊಂದೇ ಅಂಕಣವನ್ನು ಓದಿ ಹೇಳಿದೆ. ಗಂಡನ ಹೆಸರಿಗೆ ಜಾಗವಿತ್ತು. ಮಗುವಿನ ಹೆಸರಿಗೆ ಜಾಗವಿತ್ತು. ಆಕೆ ಕೇಳಿದರು: “ಮೇಷ್ಟ್ರೇ, ಅವಳು ಕೆಲ್ಸಕ್ಕೆ ಹೋಗ್ತಿದ್ದಾಗ ಈ ಕೂಸ್ನ ಸಾಕಿದ್ದು ನಾನು. ಅವಳ ಸಂಬಳದಾಗೇ ನಾನೂ ಉಂಡಿದ್ದು. ನನ್ ಹೆಸ್ರು ಎಲ್ಲಿ ಬರೀತೀರಿ?”

“ನಿಮ್ಮ ಹೆಸರಿಗೆ ಇದರಲ್ಲಿ ಜಾಗ ಇಲ್ಲ ಕಣಮ್ಮ” ಎಂದೆ.

“ಹಂಗಾದ್ರೆ ನಾನು ಅವಳ ಮನೆಯೋಳಲ್ವಾ?”

ಎಲ್ಲಿದ್ದಾನೋ ತಿಳಿಯದ ಗಂಡ ಕಾನೂನಿನ ಕಣ್ಣಿಗೆ ಮನೆಯವನು. ಒಲೆ ಹಚ್ಚಿದ ತಾಯಿ ಅಲ್ಲ. ಆಕೆ ಮಗುವಿನ ಪಾಲಕಿ ಎಂದು ನ್ಯಾಯಾಲಯದಿಂದ ಆಜ್ಞೆ ತರುವ ಹೊತ್ತಿಗೆ ಮಗು ಎರಡನೆಯ ತರಗತಿಗೆ ಬಂದಿತ್ತು. ಆಮೇಲೆ ಬಂದದ್ದೂ ಮಗುವಿನ ಪಾಲೇ ಹೊರತು ಆಕೆಯದಲ್ಲ. ಇಲ್ಲಿ ಯಾವ ಅಧಿಕಾರಿಯ ತಪ್ಪೂ ಇಲ್ಲ; ಎಲ್ಲರೂ ನಿಯಮದಂತೆಯೇ ನಡೆದರು. ಅದೇ ನನ್ನನ್ನು ಕಾಡಿದ ಸಂಗತಿ.

ಈ ನಿಯಮಗಳ ಹಿಂದೆ ಒಂದು ಚಿತ್ರವಿದೆ: ದುಡಿಯುವವನು ಗಂಡಸು, ಅವನ ಬೆನ್ನಿಗೆ ಹೆಂಡತಿ, ಎಳೆಯ ಮಕ್ಕಳು. ೧೯೪೨ರಲ್ಲಿ ಇಂಗ್ಲೆಂಡಿನ ಬೆವರಿಜ್ ವರದಿ ನಿಂತದ್ದೂ ಈ ಚಿತ್ರದ ಮೇಲೆಯೇ. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಅದು ಎಂದಿಗೂ ಸರಿಯಾಗಿ ಹೊಂದಲಿಲ್ಲ. ಅರಕಲಗೂಡು ಕಡೆ ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ಕುಳಿತು ಎಲೆ ಕಟ್ಟುವವರು, ಹೊಳೆನರಸೀಪುರದ ಗದ್ದೆಗಳಲ್ಲಿ ನಾಟಿ ಹಾಕುವವರು, ಹಾಸನದ ಕಾರ್ಖಾನೆಗಳಲ್ಲಿ ಹೊಲಿಗೆಯಂತ್ರದ ಮುಂದೆ ಕೂರುವವರು ಹೆಚ್ಚಾಗಿ ಹೆಂಗಸರೇ. ಚನ್ನರಾಯಪಟ್ಟಣದ ಮಾತಿಗೆ ಬಂದರೆ, ಆ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು ೧೯೭೦ರಲ್ಲಿ ಪ್ರಕಟಿಸಿದ ‘ಗೃಹಭಂಗ’ವನ್ನು ಓದಿದವರಿಗೆ ನಂಜಮ್ಮನ ನೆನಪು ಇದ್ದೇ ಇರುತ್ತದೆ. ಶಾನುಭೋಗಿಕೆ ಗಂಡನ ಹೆಸರಿನಲ್ಲಿ. ಲೆಕ್ಕ ಬರೆಯುವವಳು ನಂಜಮ್ಮ. ಮುತ್ತುಗದೆಲೆ ಹಚ್ಚಿ ಮಕ್ಕಳ ಹೊಟ್ಟೆ ಹೊರೆದವಳು ನಂಜಮ್ಮ. ಪ್ಲೇಗು ಅವಳನ್ನು ಕೊಂಡೊಯ್ದಾಗ ಸರ್ಕಾರದ ಯಾವ ಪುಸ್ತಕದಲ್ಲೂ ಒಬ್ಬ ದುಡಿಮೆಗಾರ್ತಿ ಸತ್ತಂತಾಗಲಿಲ್ಲ. ಮಗ ವಿಶ್ವ ಯಾರ ಅವಲಂಬಿತನೆಂದು ಯಾವ ಕಚೇರಿ ಬರೆದೀತು? ವಂಶಪಾರಂಪರ್ಯದ ಆ ಹಳ್ಳಿಯ ಹುದ್ದೆಗಳನ್ನು ೧೯೬೧ರ ಕಾಯ್ದೆ ರದ್ದುಮಾಡಿತು. ಹೆಸರೊಬ್ಬರದು, ದುಡಿಮೆ ಇನ್ನೊಬ್ಬರದು ಎಂಬುದು ಆ ಕಾಯ್ದೆಯಿಂದ ರದ್ದಾಗಲಿಲ್ಲ.

ಹೆಂಗಸು ದುಡಿಮೆಗಾರ್ತಿಯಾದಾಗ ಅವಳ ಮನೆಯವರು ಯಾರು ಎಂಬುದನ್ನು ಕಾನೂನು ಬಹಳ ನಿಧಾನವಾಗಿ ಕಲಿಯಿತು. ಅಮೆರಿಕದಲ್ಲಿ, ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೆಂಡತಿಯನ್ನು ಹೆರಿಗೆಯಲ್ಲಿ ಕಳೆದುಕೊಂಡ ತಂದೆಯೊಬ್ಬನಿಗೆ, ವಿಧವೆಗೆ ಸಲ್ಲುವ ನೆರವು ವಿಧುರನಿಗೆ ಸಲ್ಲದೆಂದು ಹೇಳಿದರು. ಅವನ ಪರವಾಗಿ ವಾದಿಸಿದವರು, ಮುಂದೆ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ರೂತ್ ಬೇಡರ್ ಗಿನ್ಸ್‌ಬರ್ಗ್. ೧೯೭೫ರಲ್ಲಿ ಕೋರ್ಟು ಅವನ ಪರವಾಗಿ ತೀರ್ಪಿತ್ತಿತು: ಸತ್ತ ಹೆಂಡತಿಯ ದುಡಿಮೆಯ ಬೆಲೆಯನ್ನು ಹೆಣ್ಣೆಂಬ ಕಾರಣಕ್ಕೆ ಇಳಿಸಬಾರದು ಎಂಬುದು ಅದರ ಸಾರ. ನಮ್ಮ ಕಾಫಿ ತೋಟಗಳಿಗೆ ಅನ್ವಯಿಸುತ್ತಿದ್ದ ೧೯೫೧ರ ತೋಟ ಕಾರ್ಮಿಕರ ಕಾಯ್ದೆಯಲ್ಲಿಯೂ ಇಂಥದೇ ಒಂದು ವಾಕ್ಯ ಬಹುಕಾಲವಿತ್ತು. ಕಾರ್ಮಿಕ ಗಂಡಸಾದರೆ ಅವನನ್ನು ನಂಬಿದ ತಂದೆತಾಯಿ ಅವನ ಕುಟುಂಬ. ಕಾರ್ಮಿಕಳು ಹೆಂಗಸಾದರೆ ಅವಳ ತಂದೆತಾಯಿ ಅಲ್ಲ. ಒಂದೇ ತೋಟ, ಒಂದೇ ಲೈನುಮನೆಯ ಸಾಲು. ಮಗನ ತಾಯಿಗೆ ಮದ್ದುಂಟು, ಮಗಳ ತಾಯಿಗಿಲ್ಲ. ೨೦೧೦ರ ತಿದ್ದುಪಡಿ ಈ ಭೇದವನ್ನು ಅಳಿಸಿ, ನಂಬಿಕೊಂಡ ವಿಧವೆ ಸೋದರಿಯನ್ನೂ ಒಳಗೆ ತಂದಿತು.

ಅದರ ಹಿಂದೆಯೇ ಬೇರೆ ಬಾಗಿಲುಗಳೂ ಅಲುಗಿದವು. ಸೇವೆಯಲ್ಲಿರುವಾಗ ಸತ್ತ ಸರ್ಕಾರಿ ನೌಕರನ ಮನೆಯ ಒಬ್ಬರಿಗೆ ಅನುಕಂಪದ ಮೇಲೆ ಕೆಲಸ ಕೊಡುವ ಕರ್ನಾಟಕದ ೧೯೯೬ರ ನಿಯಮಗಳಲ್ಲಿ ಮದುವೆಯಾದ ಮಗನಿಗೆ ಅಡ್ಡಿಯಿರಲಿಲ್ಲ. ಮದುವೆಯಾದ ಮಗಳಿಗೆ ಜಾಗವಿರಲಿಲ್ಲ. ೨೦೨೦ರ ಡಿಸೆಂಬರ್‌ನಲ್ಲಿ ನಮ್ಮ ಉಚ್ಚ ನ್ಯಾಯಾಲಯ ಈ ಭೇದ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತು. ೨೦೨೧ರಲ್ಲಿ ಸರ್ಕಾರ ನಿಯಮವನ್ನು ತಿದ್ದಿತು. ೨೦೨೪ರ ಜನವರಿಯಲ್ಲಿ ಕೇಂದ್ರ ಸರ್ಕಾರ, ಗಂಡನೊಡನೆ ವ್ಯಾಜ್ಯದಲ್ಲಿರುವ ಮಹಿಳಾ ನೌಕರಳು ಕುಟುಂಬ ಪಿಂಚಣಿಗೆ ಅವನಿಗಿಂತ ಮೊದಲು ಮಕ್ಕಳ ಹೆಸರನ್ನು ಸೂಚಿಸಬಹುದೆಂದು ಅವಕಾಶ ಕೊಟ್ಟಿತು. ಬಿಟ್ಟುಹೋದ ಗಂಡನ ಹೆಸರೇ ಮೊದಲಾಗಬೇಕಿಲ್ಲ ಎಂಬ ಮಾತು ಸರ್ಕಾರಿ ನೌಕರಿಯಲ್ಲಿ ಹೀಗೆ ಸ್ವಲ್ಪಮಟ್ಟಿಗೆ ಒಪ್ಪಿತವಾಯಿತು. ಕಾರ್ಖಾನೆಯ ಕೆಲಸಗಾರ್ತಿಗೆ ಆ ಆದೇಶ ಅನ್ವಯಿಸಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ಗಂಭೀರವಾಗಿ ಎದುರಿಸಬೇಕು. ಪಟ್ಟಿಯನ್ನು ಹಿಗ್ಗಿಸುತ್ತ ಹೋದರೆ ನಷ್ಟವಾಗುವುದು ವಿಧವೆಗೇ ಅಲ್ಲವೇ? ಮಾವ, ಮೈದುನ, ದಾಯಾದಿಗಳು ತುಂಬಿದ ಮನೆಯಲ್ಲಿ ಸತ್ತವನ ಹಣ ಯಾರ ಗಂಟು ಸೇರುತ್ತದೆಂಬುದು ನಮಗೆ ಗೊತ್ತಿಲ್ಲದ್ದಲ್ಲ. ೧೯೨೩ರ ಕಾಯ್ದೆ ಮಾಡಿದವರಿಗೂ ಅದು ಗೊತ್ತಿತ್ತು. ಆದ್ದರಿಂದಲೇ, ಸಾವಿನ ಪರಿಹಾರವನ್ನು ಮಾಲೀಕನು ಮನೆಯವರ ಕೈಗೆ ನೇರವಾಗಿ ಕೊಡಕೂಡದು, ಆಯುಕ್ತರಲ್ಲಿ ಠೇವಣಿ ಇಡಬೇಕು, ಹಂಚುವವರು ಅವರು ಎಂದು ಬರೆದರು. ಪಟ್ಟಿ ಕಿರಿದಾಗಿದ್ದುದು ಕೆಲವೆಡೆ ಕ್ರೌರ್ಯವಾಗಿದ್ದರೆ ಇನ್ನು ಕೆಲವೆಡೆ ವಿಧವೆಗೆ ಬೇಲಿಯಾಗಿತ್ತು. ಆ ಬೇಲಿಯನ್ನು ಕಿತ್ತು ಹಾಕಿರೆಂದು ನಾನು ಹೇಳಲಾರೆ. ವಿಧವೆಯ ಮತ್ತು ಮಕ್ಕಳ ಪಾಲು ಮೊದಲು ಭದ್ರವಾಗಲಿ. ಆಮೇಲೆ, ಸತ್ತವರ ಅನ್ನವನ್ನು ನಿಜವಾಗಿ ಉಂಡವರಿಗೆ, ಸತ್ತವರ ಮಕ್ಕಳನ್ನು ನಿಜವಾಗಿ ಸಾಕಿದವರಿಗೆ ಒಂದು ಅಂಕಣವಿರಲಿ. ಎರಡೂ ಒಟ್ಟಿಗೆ ಸಾಧ್ಯ. ಐದರಲ್ಲಿ ಮೂರು, ಐದರಲ್ಲಿ ಎರಡು ಎಂದು ಪಾಲು ಹಾಕಲು ಬಲ್ಲ ಕಾನೂನಿಗೆ ಇನ್ನೊಂದು ಭಿನ್ನರಾಶಿ ಭಾರವಾಗದು.

ಸಂಸತ್ತು ೨೦೨೦ರಲ್ಲಿ ಒಪ್ಪಿದ ಸಾಮಾಜಿಕ ಭದ್ರತಾ ಸಂಹಿತೆ ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂತು. ನಾನು ಮೇಲೆ ಹೇಳಿದ ೧೯೨೩, ೧೯೪೮, ೧೯೫೨ರ ಕಾಯ್ದೆಗಳೂ ಸೇರಿ ಒಂಬತ್ತು ಕಾನೂನುಗಳು ಅದರಲ್ಲಿ ಲೀನವಾದವು. ಕುಟುಂಬ ಎಂಬ ಮಾತಿಗೆ ಅದು ಕೊಡುವ ಅರ್ಥದಲ್ಲಿ ಒಂದು ಹೊಸ ಸಂಗತಿಯಿದೆ: ಮಹಿಳಾ ನೌಕರಳನ್ನು ನಂಬಿಕೊಂಡ ಅತ್ತೆ ಮಾವಂದಿರೂ, ಗೊತ್ತುಮಾಡಿದ ಆದಾಯದ ಮಿತಿಯೊಳಗಿದ್ದರೆ, ಅವಳ ಕುಟುಂಬ. ಸೊಸೆಯ ಸಂಬಳದಲ್ಲಿ ನಡೆಯುವ ಮನೆಗಳನ್ನು ಕಾನೂನು ಕಡೆಗೂ ಕಂಡಿತಲ್ಲ ಎಂದು ಸಂತೋಷವಾಗುತ್ತದೆ. ಆದರೆ ತಮ್ಮ ತಂಗಿಯರ ವಿಷಯದಲ್ಲಿ ಮಾತ್ರ ಅದು ಇನ್ನೂ ಹಿಂಜರಿಯುತ್ತದೆ. ನೌಕರನಿಗೆ ಮದುವೆಯಾಗಿರಬಾರದು, ತಂದೆತಾಯಿ ಬದುಕಿರಬಾರದು, ಆಗ ಮಾತ್ರ ಎಳೆಯ ತಮ್ಮ ತಂಗಿಯರು ಅವನ ಮನೆಯವರು. ತಂಗಿಯ ಓದಿಗಾಗಿ ಹಾಸನದ ಕಾರ್ಖಾನೆಗೆ ಹೋಗುವ ಅಕ್ಕಂದಿರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ತಂದೆ ಬದುಕಿದ್ದು ಹಾಸಿಗೆ ಹಿಡಿದಿದ್ದರೂ ತಂಗಿಯನ್ನು ಹೊರಗೆ ನಿಲ್ಲಿಸುವ ಷರತ್ತು ಯಾವ ಮನೆಯನ್ನು ನೋಡಿ ಬರೆದದ್ದು?

ಇಷ್ಟೆಲ್ಲ ಹೇಳಿದ್ದು ಹಾಜರಿ ಪುಸ್ತಕದಲ್ಲಿ ಹೆಸರಿರುವವರ ಮಾತು. ಚನ್ನರಾಯಪಟ್ಟಣದ ತೋಟಗಳಲ್ಲಿ ತೆಂಗಿನ ಮರವೇರಿ ಕಾಯಿ ಕೀಳುವವನಿಗೆ ಇಂದು ಒಬ್ಬರ ತೋಟ, ನಾಳೆ ಇನ್ನೊಬ್ಬರದು. ಜಾರಿ ಬಿದ್ದರೆ ಮಾಲೀಕ ಯಾರು? ಸಂಹಿತೆ ಅಸಂಘಟಿತ ಕಾರ್ಮಿಕರಿಗಾಗಿ ಯೋಜನೆಗಳನ್ನು ಮಾಡುವ ಮಾತನಾಡುತ್ತದೆ. ಯೋಜನೆ ಮಾಡುವಾಗ ಮನೆಯವರು ಯಾರೆಂಬ ಪ್ರಶ್ನೆ ಅಲ್ಲಿಯೂ ಎದುರಾಗುತ್ತದೆ. ಹಳೆಯ ಪಟ್ಟಿಯನ್ನು ಅಲ್ಲಿಗೂ ಎತ್ತಿಟ್ಟರೆ ನೂರು ವರ್ಷದ ಪಾಠ ವ್ಯರ್ಥವಾದಂತೆ.

ದಾರಿ ನಾವು ಅರಿಯದ್ದಲ್ಲ. ಪಡಿತರ ಚೀಟಿಯಲ್ಲಿ ಸರ್ಕಾರವೇ ಒಂದು ಒಲೆಯಲ್ಲಿ ಅಡಿಗೆಯಾಗುವ ಜನವನ್ನು ಒಂದು ಮನೆಯೆಂದು ಎಣಿಸುತ್ತ ಬಂದಿದೆ. ೨೦೨೩ರಲ್ಲಿ ಕರ್ನಾಟಕ ಸರ್ಕಾರ ಗೃಹಲಕ್ಷ್ಮಿ ಯೋಜನೆಯನ್ನು ಆರಂಭಿಸಿದಾಗ ತಿಂಗಳ ೨,೦೦೦ ರೂಪಾಯಿಗೆ ಮನೆಯೊಡತಿ ಯಾರೆಂದು ನೋಡಿದ್ದೂ ಆ ಚೀಟಿಯಲ್ಲಿಯೇ. ಹೀಗೆ ಒಂದೇ ಮನೆಗೆ ವಿಮೆಯಲ್ಲಿ ಒಂದು ಕುಟುಂಬ, ಪಿಂಚಣಿಯಲ್ಲಿ ಇನ್ನೊಂದು, ಪಡಿತರದಲ್ಲಿ ಮತ್ತೊಂದು. ಅಕ್ಕಿ ಕೊಡುವಾಗ ಅಜ್ಜಿಯನ್ನು ಮನೆಯವಳೆಂದು ಎಣಿಸಿ, ಮಗಳು ಸತ್ತಾಗ ಎಣಿಸದಿರುವುದು ಸರಿಯಾದ ಲೆಕ್ಕವಲ್ಲ. ಇನ್ನು ಮುಂದೆ ಯಾವ ಬದಲಾವಣೆಯ ಸಲಹೆ ಬಂದರೂ ಎಷ್ಟು ರೂಪಾಯಿ ಎಂಬುದರ ಜೊತೆಗೆ ಯಾರ ಯಾರ ಹೆಸರು ಎಂಬುದನ್ನೂ ನಾವು ಓದಿ ನೋಡಬೇಕು. ವೀರಗಲ್ಲಿನಲ್ಲಿ ಸತ್ತವನ ಶೌರ್ಯವಿದೆ. ನೆತ್ತರುಗೊಡಗೆಯಲ್ಲಿ ಬದುಕಿರುವವರ ಅನ್ನವಿದೆ. ನಮ್ಮ ಹಿರಿಯರು ಎರಡನ್ನೂ ಕಲ್ಲಿನ ಮೇಲೆ ಬರೆಸಿದರು. ನಾವು ಬರೆಯಬೇಕಾಗಿರುವುದು ಕಾಗದದ ಮೇಲೆ. ಅದನ್ನು ತಿದ್ದುವುದು ಕಲ್ಲನ್ನು ತಿದ್ದುವುದಕ್ಕಿಂತ ಸುಲಭ.